ಕೆದಕಲ್ ಏರಿನಲ್ಲಿ ಇಳಿದ ಸವಾರ

ಸೈಕಲ್ ತುಳಿದು ಅನ್ನ ತಿನ್ನಬಹುದಾ ಅಂತ ಕೇಳಿಕೊಂಡು ಈಗಲೂ ಹುಡುಗರು ನನ್ನನ್ನು ಹುಡುಕಿ ಬರುತ್ತಾರೆ. ಮೈಗಂಟುವ ಬನಿಯನ್ನು, ತಲೆಗೊಂದು ಗಟ್ಟಿ ಟೋಪಿ, ಎರಡು ಬೆರಳಲ್ಲಿ ಎತ್ತಬಹುದಾದ ಸೈಕಲ್ಲು. ನಾನು ಮೊದಲು ಸೈಕಲ್ಲು ನೋಡುತ್ತೇನೆ, ಆಮೇಲೆ ಅವರ ಕಾಲು ನೋಡುತ್ತೇನೆ, ಆಮೇಲೆ ಹೇಳುತ್ತೇನೆ: ತಿನ್ನಬಹುದು, ನಾನು ತಿಂದಿದ್ದೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಮಡಿಕೇರಿಯ ಹಳೇ ಸೈಕಲ್ ಅಂಗಡಿ ಮುದುಕ ಅಂತಷ್ಟೇ ಅವರಿಗೆ ಗೊತ್ತು. ಅಂಗಡಿ ಆಮೇಲಿನದು. ಅದನ್ನು ಹೇಗೆ ಹಾಕಿದೆ, ಎಷ್ಟು ಬೆಳೆಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನಿಮಗೆ ಕಲಿಯೋಕೆ ಏನೂ ಇಲ್ಲ. ಬರೆಯಬೇಕಾದ್ದು ಅದಕ್ಕಿಂತ ಮೊದಲಿನ ನಾಲ್ಕೈದು ವರ್ಷ. ಕೊಡಗು ಆಗ ಸ್ವಂತ ರಾಜ್ಯ. ಫ್ರೇಜರ್‌ಪೇಟೆ ಅಂದರೆ ಈಗಿನ ಕುಶಾಲನಗರ. ಅಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ರಾಜ್ಯ. ಸೇತುವೆ ನಡುವೆ ನಿಂತು ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ನಗುತ್ತಿದ್ದ ವಯಸ್ಸು ನನ್ನದು.

ನಮ್ಮದು ಹಾಸನದ ಕಡೆಯಿಂದ ಬಂದು ಫ್ರೇಜರ್‌ಪೇಟೆ ಹತ್ತಿರ ಗದ್ದೆ ಮಾಡಿಕೊಂಡ ಸಂಸಾರ. ಅಪ್ಪನಿಗೆ ಗಾಡಿ ಎತ್ತು ಅಂದರೆ ಜೀವ. ನನಗೆ ಎತ್ತಿನ ನಡಿಗೆ ಸಾಲುತ್ತಿರಲಿಲ್ಲ. ಮಡಿಕೇರಿಯಲ್ಲಿ ಮೊಯ್ದು ಕಾಕ ಅನ್ನೋರು ಸೈಕಲ್ ಅಂಗಡಿ ಇಟ್ಟಿದ್ದರು. ಮಲಬಾರಿನಿಂದ ಬಂದವರು, ನಾಲ್ಕು ಭಾಷೆ ಆಡುತ್ತಿದ್ದರು, ನಾಲ್ಕರಲ್ಲೂ ಬೈಯುತ್ತಿದ್ದರು. ಹೊಸ ಸೈಕಲ್ಲುಗಳು ಮೈಸೂರಿಗೆ ರೈಲಲ್ಲಿ ಬರುತ್ತಿದ್ದವು. ಅಲ್ಲಿಂದ ಬಸ್ಸಿನ ಮೇಲೆ ಹಾಕಿಸಿದರೆ ರಿಮ್ಮು ಬೆಂಡಾಗಿ, ಬಣ್ಣ ಕಿತ್ತು ಬರೋದು. ತುಳಿದುಕೊಂಡೇ ತರುವವನೊಬ್ಬ ಬೇಕು ಅಂತ ಕಾಕ ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು. ನಾನು ಹೋಗಿ ನಿಂತೆ.

"ಎಡಾ, ದಾರಿ ಎಪ್ಪತ್ತೈದು ಮೈಲಿ ಉಂಟು," ಅಂದರು ಕಾಕ. "ನಿನ್ನ ಕಾಲು ನೋಡಿದ್ರೆ ಕೊಕ್ಕರೆದು."

"ಕೊಕ್ಕರೆ ಎಪ್ಪತ್ತೈದು ಮೈಲಿ ಹಾರೋದಿಲ್ವಾ ಕಾಕ," ಅಂದೆ. ಅವರು ನಕ್ಕರು. ನಗಿಸಿದ ಮೇಲೆಯೇ ನಾನು ಕರಾರು ಹೇಳಿದ್ದು: ಕೂಲಿ ಜೊತೆಗೆ, ನಾನು ತಂದ ಸೈಕಲ್ಲನ್ನು ಗಿರಾಕಿ ಕೈಗೆ ಕೊಡುವವನೂ ನಾನೇ ಆಗಬೇಕು. ಯಾಕೆ ಅಂತ ಅವರಿಗೆ ಅರ್ಥವಾಗಲಿಲ್ಲ, ಒಪ್ಪಿದರು. ಗಿರಾಕಿಯ ಮುಖ ಗೊತ್ತಿಲ್ಲದವನು ಕೊನೆವರೆಗೂ ಕೂಲಿಯಾಗಿಯೇ ಇರುತ್ತಾನೆ. ಇದು ಈಗಲೂ ನಿಜ. ನಿಮ್ಮ ಎದೆಮೇಲೆ ಯಾರ ಅಂಗಡಿ ಹೆಸರಿದೆಯೋ ಅವರನ್ನಷ್ಟೇ ಅಲ್ಲ, ಆ ಅಂಗಡಿಗೆ ಬರುವವರನ್ನೂ ತಿಳಿದುಕೊಂಡಿರಿ.

ಕೆಲಸ ಹೀಗಿತ್ತು. ಬಸ್ಸಿನಲ್ಲಿ ಮೈಸೂರಿಗೆ ಹೋಗೋದು, ಮಾರನೇ ದಿನ ಹೊಸ ಸೈಕಲ್ ತುಳಿದುಕೊಂಡು ಹುಣಸೂರು, ಪಿರಿಯಾಪಟ್ಟಣ ದಾಟಿ ಸಂಜೆಗೆ ಸೇತುವೆ ಸೇರೋದು. ರಾತ್ರಿ ನಮ್ಮ ಮನೆಯಲ್ಲಿ ಮಲಗಿ, ಬೆಳಿಗ್ಗೆ ಆನೆಕಾಡು, ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ ಹತ್ತಿ ಮಡಿಕೇರಿ. ಕೆಲವು ಸಲ ಎರಡು ಸೈಕಲ್ಲು: ಒಂದರ ಮೇಲೆ ಕೂತು, ಇನ್ನೊಂದರ ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ಓಡಿಸಿಕೊಂಡು ಬರೋದು, ಹಠಮಾರಿ ಕರುವನ್ನು ಸಂತೆಗೆ ಹೊಡೆದುಕೊಂಡು ಬಂದ ಹಾಗೆ. ಕಾಕ ಹೇಳಿಕೊಟ್ಟ ಒಂದು ಉಪಾಯ, ಕಂಬಿಗಳಿಗೆ ಕಂಪನಿಯವರು ಸುತ್ತಿದ ಕಂದು ಕಾಗದ ಬಿಚ್ಚಬಾರದು ಅನ್ನೋದು. ಕಾಗದ ಇದ್ದರೆ ಹೊಸದು ಅಂತ ಗಿರಾಕಿ ನಂಬುತ್ತಾನಂತೆ.

ಆ ಉಪಾಯ ಮೊದಲ ಮಳೆಗೇ ಕೈಕೊಟ್ಟಿತು. ಸುಂಟಿಕೊಪ್ಪದ ಹತ್ತಿರದ ಒಬ್ಬ ಎಸ್ಟೇಟ್ ಯಜಮಾನರಿಗೆ ಸೈಕಲ್ ಕೊಡಲು ಹೋದಾಗ ಕಾಗದ ನೆಂದು ಗಂಜಿಯಾಗಿ ಕಂಬಿಗೆ ಅಂಟಿತ್ತು. ಮಡ್‌ಗಾರ್ಡಿನ ಕೆಳಗೆ ಹುಣಸೂರಿನ ಕೆಂಪು ಮಣ್ಣು. ಅವರು ಬೆರಳಿಂದ ಮಣ್ಣು ಕೆರೆದು ನನ್ನ ಮುಖಕ್ಕೆ ಹಿಡಿದರು. ಇದು ಹೊಸದಾ ಅಂತ ಕೇಳಿದರು. ಸುಳ್ಳು ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಅನ್ನಿಸಿತು, ಮಣ್ಣು ಕಣ್ಣೆದುರಿಗೇ ಇದೆ. "ಎಪ್ಪತ್ತು ಮೈಲಿ ತುಳಿದು ಪರೀಕ್ಷೆ ಮಾಡಿ ತಂದಿದೀನಿ ಸಾರ್," ಅಂದೆ. "ನಟ್ಟು ಸಡಿಲ ಆಗೋದಿದ್ರೆ ನನ್ನ ಕೈಯಲ್ಲೇ ಆಗಿರ್ತಿತ್ತು. ಪರೀಕ್ಷೆ ಆಗದೇ ಇರೋದು ಬೇಕಾದ್ರೆ ಅಂಗಡೀಲಿ ಇದೆ, ಅದನ್ನೇ ತರ್ತೀನಿ." ಅವರು ಅದನ್ನೇ ಇಟ್ಟುಕೊಂಡರು. ಅವತ್ತಿನಿಂದ ನಾನು ಕಾಗದವನ್ನು ಮೈಸೂರಲ್ಲೇ ಬಿಚ್ಚಿ ಎಸೆಯುತ್ತಿದ್ದೆ. ಇರುವ ಮಣ್ಣನ್ನು ತೋರಿಸಿ ಮಾರುವುದೇ ಸುಲಭ.

ತಪ್ಪುಗಳು ಬೇಕಾದಷ್ಟಿವೆ. ಮಳೆಯಲ್ಲಿ ಪಂಕ್ಚರ್ ಆದರೆ ತೂತು ಎಲ್ಲಿ ಅಂತ ಹುಡುಕುವುದೇ ಕಷ್ಟ, ಟ್ಯೂಬೆಲ್ಲ ಒದ್ದೆ. ಸಿಕ್ಕಿದರೂ ಒದ್ದೆ ರಬ್ಬರಿಗೆ ಪ್ಯಾಚು ಹಿಡಿಯುವುದಿಲ್ಲ. ಟ್ಯೂಬನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಒಣಗಿಸೋದು ನಾನೇ ಕಂಡುಕೊಂಡ ವಿದ್ಯೆ. ಮೊದಲ ಸಲ ಹಾಗೆ ಮಾಡಿದಾಗ ಟ್ಯೂಬಿನ ಜೊತೆ ಎರಡು ಜಿಗಣೆಯೂ ಒಳಗೆ ಹೋಗಿದ್ದು ಮಡಿಕೇರಿಯಲ್ಲಿ ಅಂಗಿ ಬಿಚ್ಚಿದಾಗಲೇ ಗೊತ್ತಾದದ್ದು. ಇನ್ನೊಂದು ಸಲ ಆನೆಕಾಡಿನ ಕಡೆಗೆ ಇಳಿಯುವಾಗ ಬ್ರೇಕಿನ ರಬ್ಬರು ಬಿಸಿಯಾಗಿ ವಾಸನೆ ಬಂದು, ಮುಂದೆ ಹೋಗುತ್ತಿದ್ದ ಹುಲ್ಲಿನ ಗಾಡಿಗೆ ಹಿಂದಿನಿಂದ ಹೋಗಿ ಹೊಕ್ಕೆ. ಹುಲ್ಲಾದ್ದರಿಂದ ಉಳಿದೆ. ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರಬೇಡಿ, ಹಿಡಿದು ಬಿಡಿ, ಹಿಡಿದು ಬಿಡಿ. ನಿಮ್ಮ ಹೊಸ ಸೈಕಲ್ಲಿಗೂ ಇದೇ ಮಾತು.

ಇಷ್ಟೆಲ್ಲ ವಿದ್ಯೆ ನನ್ನದೇ ಅಂತ ಹೇಳಿಕೊಂಡರೆ ಒಬ್ಬರಿಗೆ ಅನ್ಯಾಯ ಮಾಡಿದ ಹಾಗೆ. ಕೆದಕಲ್ ಏರಿನಲ್ಲಿ, ಒಂದು ಕಡಿದಾದ ತಿರುವು ಮುಗಿಯುವ ಕಡೆ, ಸಣ್ಣದೊಂದು ಕಾಫಿ ತೋಟದ ಮರದ ಗೇಟಿತ್ತು. ಆ ಗೇಟಿನಲ್ಲಿ ಬೆಳಗಿನ ಹೊತ್ತು ಕೊಡೆ ಊರಿಕೊಂಡು ಒಬ್ಬ ಹಿರಿಯರು ನಿಂತಿರುತ್ತಿದ್ದರು. ಪಟಾಳಂನಿಂದ ನಿವೃತ್ತರಾಗಿ ಬಂದ ಕೊಡವರು. ಊರಿಗೆಲ್ಲ ಸುಬೇದಾರ್ರು. ನನ್ನ ಎರಡನೇ ಪ್ರಯಾಣದಲ್ಲಿ ನಾನು ಅವರೆದುರು ಏದುಸಿರು ಬಿಡುತ್ತಾ ತುಳಿದುಕೊಂಡು ಮುಂದೆ ಹೋದೆ. ಸೈಕಲ್ಲು ತಟ್ಟನೆ ನಿಂತಿತು. ತಿರುಗಿ ನೋಡಿದರೆ ಕೊಡೆಯ ಕೊಕ್ಕೆ ನನ್ನ ಕ್ಯಾರಿಯರಿಗೆ ಸಿಕ್ಕಿಕೊಂಡಿದೆ, ಕೊಡೆಯ ಇನ್ನೊಂದು ತುದಿ ಅವರ ಕೈಯಲ್ಲಿದೆ.

"ಯಾರ ಮಗ ನೀನು?"

ಹೇಳಿದೆ.

"ನಿಮ್ಮಪ್ಪ ನಿನ್ನನ್ನ ಎತ್ತಿನ ಜೊತೆ ಬೆಳೆಸಿದ್ನಾ? ಹಿರಿಯರು ನಿಂತಿದ್ರೆ ಸೈಕಲ್ಲಿಂದ ಇಳೀಬೇಕು ಅಂತ ಗೊತ್ತಿಲ್ವಾ?"

ಇಳಿದೆ. ಕೊಡವರಲ್ಲಿ ಹಿರಿಯರ ಪಾದವನ್ನು ಮೂರು ಸಲ ಮುಟ್ಟಿ, ಮೂರು ಸಲವೂ ಕೈಯನ್ನು ಹಣೆಗೆ ಒತ್ತಿಕೊಳ್ಳಬೇಕು. ನಾನು ಒಂದೇ ಸಲ ಮುಟ್ಟಿ ಎದ್ದೆ. ಇನ್ನೆರಡು ಎಲ್ಲಿ ಅಂತ ಕೇಳಿ ಅದನ್ನೂ ಮಾಡಿಸಿ, ಆಮೇಲೆ ತಲೆ ಮೇಲೆ ಕೈಯಿಟ್ಟು ತಮ್ಮ ಭಾಷೆಯಲ್ಲಿ ನಿಧಾನವಾಗಿ ಹರಸಿದರು. ಇನ್ನು ಹೋಗಬಹುದು ಅಂದುಕೊಂಡೆ. ಅವರು ಸೈಕಲ್ಲಿನ ಹಿಂಚಕ್ರವನ್ನು ನೆಲದಿಂದ ಎತ್ತಿ ಪೆಡಲ್ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಾ ನಿಂತರು.

"ಸೈಕಲ್ಲನ್ನ ಕಣ್ಣಲ್ಲಿ ನೋಡ್ಬಾರ್ದು," ಅಂದರು. "ಕಿವೀಲಿ ನೋಡ್ಬೇಕು. ಚೈನ್ ಎರಡು ಕೊಂಡಿ ಬಿಗಿ ಇದೆ."

ಯುದ್ಧದ ಕಾಲದಲ್ಲಿ ಅವರು ಸೈಕಲ್ ಮೇಲೆ ಒಂದು ಠಾಣೆಯಿಂದ ಇನ್ನೊಂದಕ್ಕೆ ಕಾಗದ ಒಯ್ಯುತ್ತಿದ್ದವರು. ಮುಂದಿನ ಎರಡು ವರ್ಷ ಅವರೇ ನನ್ನ ಮೇಷ್ಟ್ರು. ಸೀಟನ್ನು ಎರಡು ಬೆರಳು ಏರಿಸಿದರು. ಹಿಮ್ಮಡಿಯಲ್ಲಿ ತುಳಿಯುತ್ತಿದ್ದವನನ್ನು ಮುಂಗಾಲಿಗೆ ತಂದರು. ಏರಿನಲ್ಲಿ ಎದ್ದು ನಿಂತು ಕುಣಿಯಬೇಡ, ಕೂತು ಉಸಿರು ಎಣಿಸು ಅಂದರು. ಏರಿಗೆ ಹೆಚ್ಚು ಹಲ್ಲಿನ ಫ್ರೀವೀಲ್ ಹಾಕಿಸು ಅಂತ ಕಾಕನ ಹತ್ತಿರ ಜಗಳ ಮಾಡಲು ನನ್ನನ್ನೇ ಕಳಿಸಿದರು. ಪ್ರತಿ ಪ್ರಯಾಣದಲ್ಲೂ ಅದೇ ಕ್ರಮ. ತಿರುವಿನಲ್ಲಿ ಕೊಡೆ ಕಾಣುತ್ತದೆ, ನಾನು ಇಳಿಯುತ್ತೇನೆ, ಮೂರು ಸಲ ಪಾದ, ಹರಕೆ, ಚೈನಿನ ಸದ್ದು, ಒಂದು ಬೈಗುಳ, ಒಂದು ಲೋಟ ಬೆಲ್ಲದ ಕಾಫಿ. ಅಲ್ಲಿಂದ ಮುಂದೆ ಏರು ಎಷ್ಟು ಕಡಿದು ಅಂದರೆ ಒಮ್ಮೆ ಇಳಿದ ಮೇಲೆ ಮತ್ತೆ ಹತ್ತಿ ತುಳಿಯೋಕೆ ಆಗುತ್ತಿರಲಿಲ್ಲ. ಸಮತಟ್ಟು ಬರುವವರೆಗೂ ಎರಡು ಫರ್ಲಾಂಗು ತಳ್ಳಿಕೊಂಡೇ ಹೋಗಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ತಂಗಿಯ ಮಗ ಚಂಗಪ್ಪ ಅಂತ, ನನ್ನದೇ ವಯಸ್ಸು. ಅವನೂ ಸೈಕಲ್ ಹುಚ್ಚ. ಗೇಟಿನಲ್ಲಿ ಒಟ್ಟಿಗೆ ಬೈಸಿಕೊಂಡು ಸ್ನೇಹಿತರಾದೆವು. ನನ್ನನ್ನು ಅವನು ಕೊಕ್ಕರೆ ಅನ್ನುತ್ತಿದ್ದ. ಕಾಕನ ಮಾತು ಅಷ್ಟು ದೂರ ಹೇಗೆ ಬಂತೋ ಗೊತ್ತಿಲ್ಲ.

ಆಗ ಮೈಸೂರಿನಲ್ಲಿ ಒಬ್ಬರು ದೊಡ್ಡ ಸೈಕಲ್ ವ್ಯಾಪಾರಿ ಶೆಟ್ಟರು ಸಂಬಳ ಕೊಟ್ಟು ಸವಾರರನ್ನು ಇಟ್ಟುಕೊಳ್ಳುತ್ತಿದ್ದರು. ಬೆನ್ನ ಮೇಲೆ ಅಂಗಡಿ ಹೆಸರು ಹೊಲಿದ ಬನಿಯನ್ನು, ತೂಕ ಕಡಿಮೆಯ ಸೈಕಲ್ಲು, ಮೂರು ಹೊತ್ತು ಊಟ. ವರ್ಷವಿಡೀ ಬೆಂಗಳೂರು, ಮದ್ರಾಸು ಅಂತ ಪಂದ್ಯಕ್ಕೆ ಓಡಿಸುವುದೇ ಕೆಲಸ. ಕೂಲಿಯವನು ಸೈಕಲ್ ತರುವುದು ಬೇರೆ, ಸೈಕಲ್ ತುಳಿಯುವುದಕ್ಕೇ ಸಂಬಳ ಪಡೆಯುವುದು ಬೇರೆ. ನನಗೆ ಅದು ಬೇಕಿತ್ತು. ಇಷ್ಟು ವರ್ಷ ಚೌಕಾಸಿ ಮಾಡಿಯೇ ಬದುಕಿದವನು ನಾನು. ಆದರೆ ಅವತ್ತು ಶೆಟ್ಟರು ಏನು ಕೇಳಿದ್ದರೂ ಕೊಡುತ್ತಿದ್ದೆ.

ಮಡಿಕೇರಿಯಲ್ಲಿ ಒಂದು ಪಂದ್ಯ ಇಟ್ಟರು. ಕೋಟೆ ಮುಂದಿನಿಂದ ಹೊರಟು ಫ್ರೇಜರ್‌ಪೇಟೆ ಸೇತುವೆ ಮುಟ್ಟಿ, ಅಲ್ಲಿ ತೋಳಿಗೆ ನೀಲಿ ಮಸಿಯ ಮೊಹರು ಹಾಕಿಸಿಕೊಂಡು ವಾಪಸ್ ಕೋಟೆಗೆ. ಶೆಟ್ಟರೇ ಬರುತ್ತಾರೆ, ಗೆದ್ದವನನ್ನು ಕರೆದುಕೊಂಡು ಹೋಗುತ್ತಾರೆ ಅಂತ ಸುದ್ದಿ. ಮೈಸೂರಿನಿಂದಲೂ ಕೆಲವರು ಬಂದರು. ಅವರಲ್ಲಿ ಹಳದಿ ಬನಿಯನ್ನಿನವನೊಬ್ಬ, ಬಯಲಿನಲ್ಲಿ ಗಾಳಿ ಹಾಗೆ ಹೋಗುತ್ತಾನೆ ಅಂತ ಹೆಸರು. ಕಾಕ ನನ್ನ ಸೈಕಲ್ಲಿನ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಚೈನ್ ಕವರು ಎಲ್ಲ ಬಿಚ್ಚಿದರು. ಗಂಟೆಯನ್ನೂ ಬಿಚ್ಚಲು ಹೋದರು, ನಾನು ಬಿಡಲಿಲ್ಲ. ಸುಬೇದಾರ್ರು ಕರೆದು ಹೇಳಿದರು, ವಾಪಸ್ ಏರುವಾಗ ನಾನು ಗೇಟಲ್ಲಿ ನಿಂತಿರ್ತೀನಿ, ಕೆಳಗಿನ ತಿರುವುಗಳೆಲ್ಲ ಅಲ್ಲಿಂದ ಕಾಣುತ್ತೆ, ಹಿಂದಿನವನು ಎಷ್ಟು ತಿರುವು ಕೆಳಗಿದ್ದಾನೆ ಅಂತ ಬೆರಳು ತೋರಿಸ್ತೀನಿ. ಅದರ ಪ್ರಕಾರ ತುಳಿ, ದಮ್ಮು ಉಳಿಸ್ಕೋ. ಅಂಥಾ ಲೆಕ್ಕಾಚಾರ ಮಾಡಿದ ನಾವಿಬ್ಬರೂ ಒಂದು ವಿಷಯ ಯೋಚಿಸಲೇ ಇಲ್ಲ.

ಇಳಿಯುವಾಗ ಹಳದಿ ಬನಿಯನ್ನು ಮುಂದಿತ್ತು. ಸೇತುವೆಯಲ್ಲಿ ಮೊಹರು ಹಾಕಿಸಿಕೊಳ್ಳುವಾಗ ಅವನು, ಚಂಗಪ್ಪ, ನಾನು ಮೂವರೇ. ಆನೆಕಾಡು ದಾಟಿ ಏರು ಶುರುವಾದ ಮೇಲೆ ನಮ್ಮದು. ಸುಂಟಿಕೊಪ್ಪದಲ್ಲಿ ಹಳದಿಯವನನ್ನು ಬಿಟ್ಟೆವು. ಕೆದಕಲ್ ಹತ್ತಿರ ಚಂಗಪ್ಪನೂ ಹಿಂದೆ ಬಿದ್ದ. ಕೂತೇ ತುಳಿದೆ, ಉಸಿರು ಎಣಿಸಿದೆ. ಕಣ್ಣಿಗೆ ಬೆವರು ಇಳಿದು ದಾರಿ ಮಬ್ಬಾಗಿತ್ತು. ತಿರುವು ಮುಗಿಯಿತು. ಕೊಡೆ ಕಂಡಿತು.

ಇಳಿದೆ.

ನನ್ನ ಮನಸ್ಸು ಹೇಳಿ ಇಳಿದದ್ದಲ್ಲ. ಎರಡು ವರ್ಷ ಆ ಜಾಗದಲ್ಲಿ, ಆ ಕೊಡೆಗೆ ಇಳಿದ ಕಾಲು ತಾನಾಗಿಯೇ ಇಳಿಯಿತು. ಸೈಕಲ್ಲನ್ನು ಗೇಟಿಗೆ ಒರಗಿಸಿದೆ. ಬಗ್ಗಿ ಪಾದ ಮುಟ್ಟಿದೆ, ಹಣೆಗೆ ಒತ್ತಿಕೊಂಡೆ. ಎರಡನೇ ಸಲಕ್ಕೆ ಬಗ್ಗಿದಾಗ ಏನು ಮಾಡುತ್ತಿದ್ದೇನೆ ಅಂತ ಹೊಳೆಯಿತು. ಆದರೆ ಎರಡಕ್ಕೇ ಬಿಟ್ಟು ಓಡೋದು ಹೇಗೆ? ಮೂರನೆಯದನ್ನೂ ಮಾಡಿದೆ. ಸುಬೇದಾರ್ರಾದರೂ ಬೈದು ಓಡಿಸಬಹುದಿತ್ತು. ಅವರ ಕೈ ತಾನಾಗಿ ನನ್ನ ತಲೆ ಮೇಲೆ ಬಂದುಬಿಟ್ಟಿತ್ತು, ಬಾಯಿ ಹರಸುತ್ತಿತ್ತು. ಹರಕೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಕೇಡು ಅಂತ ಅವರ ನಂಬಿಕೆ. ಪೂರ್ತಿ ಹರಸಿದರು. ಅವರ ಮುಖ ನೋಡಿದೆ. ಶತ್ರು ಗುಂಡು ಹಾರಿಸಿದಾಗಲೂ ಆ ಮುಖ ಹಾಗೆ ಆಗಿರಲಿಕ್ಕಿಲ್ಲ.

ಅಷ್ಟರಲ್ಲಿ ಚಂಗಪ್ಪ ತಿರುವಿನಲ್ಲಿ ಕಾಣಿಸಿಕೊಂಡ. ನನ್ನನ್ನು ನೋಡಿದ, ಮಾವನನ್ನು ನೋಡಿದ. ಪರರ ಮಗ ಬಗ್ಗಿ ನಿಂತಿರುವಾಗ ಸ್ವಂತ ಸೋದರಳಿಯ ತುಳಿದುಕೊಂಡು ಹೋಗುವುದುಂಟೇ? ಅವನೂ ಇಳಿದ.

"ಲೋ ಕೊಕ್ಕರೆ, ನಿನ್ನಿಂದ ನಾನೂ ಕೆಟ್ಟೆ," ಅಂತ ಗೊಣಗುತ್ತಲೇ ಬಗ್ಗಿದ.

ಅವನ ಮೂರನೆಯದು ಮುಗಿಯುವ ಹೊತ್ತಿಗೆ ಹಳದಿ ಬನಿಯನ್ನು ಬಂತು. ಅವನಿಗೆ ಸುಬೇದಾರ್ರೂ ಗೊತ್ತಿಲ್ಲ, ಕೊಡೆಯೂ ಗೊತ್ತಿಲ್ಲ. ನಾವು ದಾರಿಗೆ ಅಡ್ಡವಾಗಿದ್ದೆವು ಅಂತ ಗಂಟೆ ಹೊಡೆದ. ಪಕ್ಕಕ್ಕೆ ಸರಿದೆವು. ಆಮೇಲೆ ಸುಬೇದಾರ್ರಿಗೆ ದನಿ ಬಂತು, ಹೋಗ್ರೋ ಅಂತ ಕೂಗಿದರು. ಎಲ್ಲಿಗೆ ಹೋಗೋದು? ಏರು ಹತ್ತೋಕೆ ಬಿಡದು ಅಂತ ಮೊದಲೇ ಹೇಳಿದೆನಲ್ಲ. ನಾನೂ ಚಂಗಪ್ಪನೂ ಸೈಕಲ್ಲನ್ನು ತಳ್ಳಿಕೊಂಡು ಓಡಿದೆವು, ಸಂತೆಗೆ ತಡವಾದ ಹೆಂಗಸರ ಹಾಗೆ. ನಾನು ಎರಡನೆಯವನಾದೆ. ಶೆಟ್ಟರು ಹಳದಿಯವನ ಹೆಗಲ ಮೇಲೆ ಕೈ ಹಾಕಿ ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಮಡಿಕೇರಿಯಲ್ಲಿ ತಿಂಗಳುಗಟ್ಟಲೆ ಇದೇ ನಗೆ. ಸೈಕಲ್ ಬಾಡಿಗೆಗೆ ಬಂದವರೆಲ್ಲ ನನ್ನೆದುರು ಇಳಿದು ಕೈ ಮುಗಿಯುತ್ತಿದ್ದರು. ಕಾಕ ಮಾತ್ರ ನಗಲಿಲ್ಲ. "ಪಡಚ್ಚೋನಿಗೂ, ಆ ದೇವರಿಗೂ ಐದು ಹೊತ್ತು ಅಂತ ಸಮಯ ಉಂಟು," ಅಂದರು. "ನಿನ್ನ ಸುಬೇದಾರ್ರಿಗೆ ಸಮಯವೇ ಇಲ್ವಾ?" ಅಷ್ಟು ಹೇಳಿ ನನಗೊಂದು ಚಹಾ ತರಿಸಿದರು.

ನನಗೆ ಆ ಗೇಟಿನ ಮುಖ ನೋಡಲು ನಾಚಿಕೆ. ಎರಡು ಪ್ರಯಾಣ ಸಿದ್ದಾಪುರದ ಮೇಲೆ ಸುತ್ತಿಕೊಂಡು ಬಂದೆ. ದಿನ ದಾಟಿ ಬಂದದ್ದಕ್ಕೆ ಕಾಕ ನಾಲ್ಕು ಭಾಷೆಯಲ್ಲೂ ಬೈದರು. ಮೂರನೆಯ ಸಲ ಬೇರೆ ದಾರಿಯಿಲ್ಲದೆ ಕೆದಕಲ್ ಏರಿಗೇ ಬಂದೆ. ತಿರುವಿಗೆ ಮೊದಲೇ ಅಭ್ಯಾಸದ ಹಾಗೆ ಗಂಟೆ ಹೊಡೆದೆ. ಸುಬೇದಾರ್ರು ಗೇಟಿನಲ್ಲೇ ಇದ್ದರು. ಗಂಟೆ ಕೇಳಿದ್ದೇ ತಿರುಗಿ, ರಸ್ತೆಗೆ ಬೆನ್ನು ಹಾಕಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಪರೀಕ್ಷೆ ಮಾಡತೊಡಗಿದರು.

ನಾನು ಇಳಿಯಲಿಲ್ಲ. ಯಾರಿಗೆ ಇಳಿಯಲಿ? ಮುಖ ತಿರುಗಿಸಿದವರಿಗೆ ಏನು ನಮಸ್ಕಾರ ಮಾಡೋದು? ತುಳಿದುಕೊಂಡು ಹೋದೆ. ಕಣ್ಣಲ್ಲಿ ನೀರು ಬಂತು ಅಂತ ಬರೆಯೋಕೆ ಈಗ ನಾಚಿಕೆಯಿಲ್ಲ. ಮುಂದಿನ ಸಲವೂ ಅದೇ ಬೆನ್ನು. ಅದರ ಮುಂದಿನ ಸಲವೂ. ಮಳೆಗಾಲ ಮುಗಿದು ಕಾಫಿ ಪಿಕಿಂಗ್ ಶುರುವಾಯಿತು, ಆ ಬೆನ್ನು ಹಾಗೇ ಇತ್ತು. ಕಾಫಿಯ ಲೋಟವಿಲ್ಲ, ಬೈಗುಳವಿಲ್ಲ. ಅವರನ್ನು ಊರ ನಗೆಗೆ ಗುರಿ ಮಾಡಿದೆ, ಅದಕ್ಕೆ ನನ್ನನ್ನು ಕೈಬಿಟ್ಟರು ಅಂತಲೇ ನಂಬಿದ್ದೆ. ಸವಾರನಾಗುವ ಆಸೆಯನ್ನೂ ಒಳಗೊಳಗೇ ಬಿಟ್ಟೆ. ಯಾರ ಹತ್ತಿರ ಕಲಿಯೋದು?

ಚಂಗಪ್ಪನಿಗೆ ಪಟಾಳಂ ಸೇರಲು ಕಾಗದ ಬಂದಿತ್ತು. ಹೊರಡುವ ಮೊದಲು ಅಂಗಡಿಗೆ ಬಂದ. ಮಾವ ನನ್ನ ಮೇಲೆ ಇನ್ನೂ ಕೋಪದಲ್ಲಿದ್ದಾರಾ ಅಂತ ಕೇಳಿದೆ. ಅವನು ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿದ.

"ಯಾರು ಹೇಳಿದ್ದು ಕೋಪ ಅಂತ?"

"ನಾನು ಬಂದ್ರೆ ಬೆನ್ನು ಹಾಕ್ತಾರಲ್ಲೋ."

"ನನಗೂ ಹಾಕ್ತಾರೆ. ಕಂಡ ಹಿರಿಯರಿಗೆ ತಾನೇ ಇಳೀಬೇಕು? ಅವರೇ ನಿನ್ನನ್ನ ನೋಡ್ಲಿಲ್ಲ ಅಂದ್ರೆ ನೀನು ಇಳಿಯೋ ಹಾಗಿಲ್ಲ. ನಿನ್ನ ಕಾಲಿಗೆ ಆ ಅಭ್ಯಾಸ ಹಾಕಿದ್ದು ನಾನೇ, ಬಿಡಿಸೋದೂ ನಾನೇ ಅಂತಾರೆ. ಆರು ತಿಂಗಳಿಂದ ಮೆಣಸಿನ ಬಳ್ಳೀನೇ ನೋಡ್ತಾ ನಿಂತಿದಾರೆ ಮಾರಾಯ. ನಿನ್ನ ಗಂಟೆ ಕೇಳಿದ್ರೆ ಮನೆ ಒಳಗಿಂದ ಓಡಿ ಬರ್ತಾರೆ, ಬೆನ್ನು ತೋರಿಸೋಕೆ."

ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದೆ, ಮತ್ತೆ ಒರೆಸಿದೆ. ಮುಂದಿನ ಪ್ರಯಾಣದಲ್ಲಿ ಆ ಬೆನ್ನನ್ನು ದಾಟುವಾಗ ಕೂತೇ ತುಳಿದೆ, ಉಸಿರು ಎಣಿಸಿದೆ. ಆ ಬೆನ್ನು ಸ್ವಲ್ಪ ನೆಟ್ಟಗಾದದ್ದು ಕಂಡಿತು.

ಮುಂದಿನ ವರ್ಷ ಮತ್ತೆ ಪಂದ್ಯ. ಕೊಡಗು ಮೈಸೂರಿಗೆ ಸೇರುತ್ತದೆ ಅಂತ ಮಾತು ಬಂದ ಕಾಲ, ಆ ಸೇತುವೆ ಗಡಿಯಾಗಿ ಇದ್ದ ಕೊನೆಯ ದಿನಗಳು. ಶೆಟ್ಟರು ಬಂದರು, ಹಳದಿಯವನೂ ಬಂದ. ಈಗ ಅವನ ಬೆನ್ನ ಮೇಲೆ ಶೆಟ್ಟರ ಅಂಗಡಿಯ ಹೆಸರು. ಅವನು ಕಳೆದ ಸಲದಿಂದ ಕಲಿತಿದ್ದ, ಏರಿನಲ್ಲೂ ಬಿಡಲಿಲ್ಲ. ಸುಂಟಿಕೊಪ್ಪದವರೆಗೂ ನನ್ನ ಚಕ್ರಕ್ಕೆ ಅಂಟಿಕೊಂಡೇ ಬಂದ. ಅಲ್ಲಿಂದ ಮುಂದೆ ಅವನು ಎದ್ದು ನಿಂತು ತುಳಿಯತೊಡಗಿದ್ದು ಸದ್ದಿನಲ್ಲೇ ಗೊತ್ತಾಯಿತು. ಎದ್ದವನು ಹೆಚ್ಚು ದೂರ ಬರುವುದಿಲ್ಲ. ಆದರೆ ಹಿಂದೆ ತಿರುಗಿ ನೋಡುವ ಧೈರ್ಯವಿಲ್ಲ. ಅವನು ಹತ್ತಿರವಿದ್ದರೆ ಈಗಲೇ ಜೋರಾಗಿ ತುಳಿಯಬೇಕು, ದೂರವಿದ್ದರೆ ಬೋಯಿಕೇರಿಯ ಏರಿಗೆ ದಮ್ಮು ಉಳಿಸಬೇಕು. ತಪ್ಪಿದರೆ ಶೆಟ್ಟರ ಕಾರು ಈ ಸಲವೂ ನಾನಿಲ್ಲದೆ ಹೋಗುತ್ತದೆ.

ತಿರುವು ಮುಗಿಯಿತು. ನನ್ನ ಗಂಟೆ ಕೇಳಿದ ಸುಬೇದಾರ್ರು ರಸ್ತೆಗೆ ಬೆನ್ನು ಹಾಕಿ, ಮೆಣಸಿನ ಬಳ್ಳಿಗೆ ಮುಖ ಮಾಡಿ ನಿಂತಿದ್ದರು. ಕೊಡೆ ಗೇಟಿಗೆ ನೇತುಹಾಕಿತ್ತು. ಕೈಗಳೆರಡೂ ಹಿಂದೆ, ಸೊಂಟದ ಮೇಲೆ. ಕವಾಯತಿನಲ್ಲಿ ನಿಲ್ಲುವ ಹಾಗೆ. ಬಲಗೈಯಲ್ಲಿ ಎರಡು ಬೆರಳು ಮಾತ್ರ ಚಾಚಿತ್ತು.

ಎರಡು ತಿರುವು. ಹಿಂದಿನವನು ಎರಡು ತಿರುವು ಕೆಳಗಿದ್ದಾನೆ. ಗಂಟೆ ಕೇಳುವ ಮೊದಲೇ ನೋಡಿ ಎಣಿಸಿಟ್ಟಿದ್ದರು.

ನನ್ನ ಬಲಗಾಲು ಪೆಡಲಿನಿಂದ ಎದ್ದಿತು, ಸುಳ್ಳು ಹೇಳುವುದಿಲ್ಲ. ಮತ್ತೆ ಅದನ್ನು ಕೂರಿಸಿದೆ. ಆ ಎರಡು ಬೆರಳನ್ನು ದಾಟಿ, ಒಂದೇ ಉಸಿರಿನ ಲೆಕ್ಕದಲ್ಲಿ, ಇಳಿದರೆ ಮತ್ತೆ ಹತ್ತಲಾಗದ ಆ ಏರನ್ನು ಇಳಿಯದೆ ಹತ್ತಿದೆ. ಆಮೇಲೆ ಎಷ್ಟೋ ರಸ್ತೆ ತುಳಿದಿದ್ದೇನೆ. ಆ ಎರಡು ಫರ್ಲಾಂಗಿನ ಹಾಗೆ ಮತ್ತೆಂದೂ ತುಳಿದಿಲ್ಲ.

ಗೆದ್ದೆ. ಕೋಟೆ ಮುಂದೆ ಶೆಟ್ಟರು ನನ್ನ ಹೆಗಲ ಮೇಲೆ ಕೈ ಹಾಕಿದರು. ಇಲ್ಲಿ ಹುಡುಗರಿಗೆ ಒಂದು ಮಾತು. ಗೆದ್ದ ಗಳಿಗೆಯಲ್ಲಿ ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ತಕ್ಷಣ ಹೂಂ ಅನ್ನಬೇಡಿ. ಏನು ಕೊಟ್ಟರೂ ಬರುತ್ತೇನೆ ಅಂತ ಒಂದು ವರ್ಷ ಕನಸು ಕಂಡವನು ನಾನು, ಆದರೂ ಆ ಕೈ ಬಿದ್ದಾಗ ಕಾಕನ ಅಂಗಡಿಯಲ್ಲಿ ಕಲಿತದ್ದು ನೆನಪಾಯಿತು. ಗೆದ್ದ ದಿನ ಏನು ಕೊಡುತ್ತೀರಿ ಅಂತ ನಾನು ಕೇಳಲಿಲ್ಲ. ಬಿದ್ದು ಕಾಲು ಮುರಿದರೆ ವಾಸಿಯಾಗುವವರೆಗೂ ಊಟ ಹಾಕುತ್ತೀರಾ ಅಂತ ಕೇಳಿದೆ. ಶೆಟ್ಟರು ಇದನ್ನು ಯಾರೂ ಕೇಳಿರಲಿಲ್ಲ ಅಂದರು. ಅದಕ್ಕೇ ಕೇಳುತ್ತಿದ್ದೇನೆ, ಬರೆದು ಕೊಡಿ ಅಂದೆ. ಬರೆದುಕೊಟ್ಟರು. ಮೂರನೇ ವರ್ಷ ಬಿದ್ದೆ, ಆ ಕಾಗದ ನನ್ನನ್ನು ಉಳಿಸಿತು. ಗೆಲ್ಲುವ ದಿನದ ಕರಾರು ಎಲ್ಲರೂ ಮಾಡಿಕೊಳ್ಳುತ್ತಾರೆ, ನೀವು ಬೀಳುವ ದಿನದ್ದನ್ನು ಮಾಡಿಕೊಳ್ಳಿ.

ಮಾರನೇ ಬೆಳಿಗ್ಗೆ ಮೈಸೂರಿಗೆ ಹೊರಡುವ ಮೊದಲು ಕೆದಕಲ್ಲಿಗೆ ಇಳಿದು ಹೋದೆ. ಈ ಸಲ ಗಂಟೆ ಹೊಡೆಯಲಿಲ್ಲ. ಸುಬೇದಾರ್ರು ಈ ಕಡೆ ಮುಖ ಮಾಡಿ ನಿಂತಿದ್ದರು, ಕಾಯುತ್ತಿದ್ದವರ ಹಾಗೆ. ವರ್ಷದ ಮೇಲೆ ಆ ಮುಖ ನೋಡಿದ್ದು. ಮೀಸೆ ಪೂರಾ ಬೆಳ್ಳಗಾಗಿತ್ತು. ಮೂರು ಸಲ ಪಾದ ಮುಟ್ಟಿದೆ. ಹರಸಿದರು.

"ನಿನ್ನೆ ಹೇಗಿತ್ತು ಸುಬೇದಾರ್ರೆ?" ಅಂತ ಕೇಳಿದೆ. ಹೊಗಳಿಸಿಕೊಳ್ಳುವ ಆಸೆ.

"ನಾನೆಲ್ಲಿ ನೋಡ್ದೆ," ಅಂದರು. ಕೊಡೆಯ ತುದಿಯಿಂದ ಹಿಂಚಕ್ರ ತೋರಿಸಿ, "ಫ್ರೀವೀಲಲ್ಲಿ ಒಂದು ಹಲ್ಲು ಸವೆದಿದೆ. ಹೋದ ಕೂಡಲೇ ಬದಲಾಯಿಸು."

ಹೋಗಿ ಬಿಚ್ಚಿ ನೋಡಿದೆ. ಸವೆದಿತ್ತು.

ಮೈಸೂರಿನಲ್ಲಿ ತುಳಿದ ಮೂರು ವರ್ಷದ ಕಥೆ ಬೇರೆಯವರದ್ದೂ ಅಷ್ಟೇ, ನನ್ನದೂ ಅಷ್ಟೇ. ಕೊಡಗು ಮೈಸೂರಿಗೆ ಸೇರಿತು, ಸೇತುವೆ ಬರೀ ಸೇತುವೆಯಾಯಿತು. ಎರಡನೇ ವರ್ಷದಲ್ಲಿ ಚಂಗಪ್ಪ ಎಲ್ಲಿಂದಲೋ ಒಂದು ಕಾರ್ಡು ಬರೆದ, ಮಾವ ಹೋಗಿಬಿಟ್ಟರು ಅಂತ. ಕಾರ್ಡು ನನ್ನ ಕೈಗೆ ಸಿಕ್ಕಿದಾಗ ತಿಂಗಳಾಗಿತ್ತು. ನಾನು ಅವತ್ತು ಮದ್ರಾಸಿನ ಕಡೆ ಎಲ್ಲೋ, ಒಂದು ತಿರುವೂ ಇಲ್ಲದ ರಸ್ತೆಯಲ್ಲಿದ್ದೆ.

ನನಗೆ ಕಾಡುವುದು ಒಂದೇ. ಯಾವ ಎರಡು ಫರ್ಲಾಂಗನ್ನು ನಾನು ಜೀವನದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತುಳಿದೆನೋ ಅದನ್ನು ನನಗೆ ಕಲಿಸಿದವರು ನೋಡಲಿಲ್ಲ. ನೋಡಬಾರದು ಅಂತಲೇ ತಿರುಗಿ ನಿಂತರು. ಕೇಳಿಸಿಕೊಂಡರು ಅಷ್ಟೆ. ಒಮ್ಮೆಯಾದರೂ ಓರೆಗಣ್ಣಿನಲ್ಲಿ ನೋಡಿದರಾ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಎಲ್ಲದಕ್ಕೂ ಚೌಕಾಸಿ ಮಾಡಿದವನು ಅದೊಂದನ್ನು ಕೇಳದೆ ಬಂದೆ.

ಎಪ್ಪತ್ತು ದಾಟಿದ ವರ್ಷ, ಮಂಜು ಕರಗಿದ ಒಂದು ಬೆಳಿಗ್ಗೆ, ಅಂಗಡಿ ಹಿಂದೆ ಇಟ್ಟಿದ್ದ ಆ ಹಳೇ ಸೈಕಲ್ಲನ್ನು ತೆಗೆದು ಚೈನಿಗೆ ಎಣ್ಣೆ ಬಿಟ್ಟು ಸುಂಟಿಕೊಪ್ಪಕ್ಕೆ ಇಳಿದೆ. ಮನೆಯಲ್ಲಿ ಹೇಳಲಿಲ್ಲ, ಹೇಳಿದರೆ ಬಿಡುತ್ತಿರಲಿಲ್ಲ. ವಾಪಸ್ ಏರುವಾಗ ಕೂತೇ ತುಳಿದೆ, ಉಸಿರು ಎಣಿಸಿದೆ. ರಸ್ತೆ ಅಗಲವಾಗಿದೆ, ತಿರುವನ್ನು ಕಡಿದಿದ್ದಾರೆ, ಗೇಟು ಈಗ ಕಬ್ಬಿಣದ್ದು, ತೋಟ ಬೇರೆಯವರದ್ದು. ಸಿಲ್ವರ್ ಮರ ಒಂದು ಉಳಿದಿತ್ತು. ಆ ಮೆಣಸಿನ ಬಳ್ಳಿಯೋ ಅದರ ಮಗಳೋ ಅದಕ್ಕೆ ಹಬ್ಬಿತ್ತು. ಮುದುಕನ ಕಾಲಿಗೆ ಇನ್ನೂ ದಮ್ಮಿತ್ತು, ತುಳಿದುಕೊಂಡು ದಾಟಬಹುದಿತ್ತು. ಗಂಟೆ ಹೊಡೆದೆ. ಬೆನ್ನು ಹಾಕುವವರು ಯಾರೂ ಬರಲಿಲ್ಲ.

ಇಳಿದೆ. ಗೇಟಿನ ಮುಂದಿನ ಮಣ್ಣನ್ನು ಮೂರು ಸಲ ಮುಟ್ಟಿ ಹಣೆಗೆ ಒತ್ತಿಕೊಂಡೆ. ಅಲ್ಲಿ ಇಳಿದ ಮೇಲೆ ಮತ್ತೆ ಹತ್ತಲಾಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಮತಟ್ಟು ಬರುವವರೆಗೂ ಎರಡು ಫರ್ಲಾಂಗು, ಸೈಕಲ್ಲನ್ನು ತಳ್ಳಿಕೊಂಡು, ಚೈನಿನ ಸದ್ದು ಕೇಳುತ್ತಾ ನಡೆದೆ.